ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಗುರುಗಳು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ ಎಂದರೆ ನೆನೆಯಬೇಕಾದವರ ಪಟ್ಟಿ ದೊಡ್ಡದು. ಮುಖ್ಯಾಧ್ಯಾಪಕರು, ಮಾಸ್ತರರು, ಅಕ್ಕೋರುಗಳು, ಶಾಲೆಗಾಗಿ ಓಡಾಡಿದ ಊರ ಹಿರಿಯರು, ದಿನವೂ ಬಾಗಿಲು ತೆರೆದು ಗಂಟೆ ಬಾರಿಸಿದವರು. ಅವರ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತಾರೆ. ನಾನು ಬೇರೊಂದು ಬಗೆಯ ಗುರುಗಳ ಬಗ್ಗೆ ಬರೆಯುತ್ತೇನೆ. ಇವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಇವರಿಗೆ ಸಂಬಳವಿಲ್ಲ, ವರ್ಗಾವಣೆಯಿಲ್ಲ, ನಿವೃತ್ತಿಯೂ ಇಲ್ಲ. ಪುಣ್ಯಕೋಟಿ, ಹರಿಶ್ಚಂದ್ರ, ಕರ್ಣ, ‘ಬಂಗಾರದ ಮನುಷ್ಯ’ದ ರಾಜೀವ ಇಂಥವರು. ಕಥೆಯೊಳಗೆ ಮಾತ್ರ ಬದುಕಿರುವ ಇವರು ನಿಜವಾದ ಮನುಷ್ಯರ ಸ್ವಭಾವವನ್ನು ತಿದ್ದಿದ್ದು ಹೇಗೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಸಾವಿರ ವರ್ಷದ ಇತಿಹಾಸವಿದೆ.

ಹಣಕೋಣದ ಹೆಚ್ಚಿನ ಮಕ್ಕಳಿಗೆ ಮನೆಮಾತು ಕೊಂಕಣಿ. ಕನ್ನಡ ನಮಗೆ ಶಾಲೆಯ ಮಾತು. ಹಾಗಾಗಿ ಕನ್ನಡದಲ್ಲಿ ನಮಗೆ ಮೊದಲು ಪರಿಚಯವಾದ ‘ಒಳ್ಳೆಯವರು’ ನೆರೆಮನೆಯವರಲ್ಲ, ಪಾಠದ ಪುಸ್ತಕದವರು. ‘ಸತ್ಯ’, ‘ಭಾಷೆ’, ‘ಕರುಣೆ’ ಎಂಬ ಶಬ್ದಗಳನ್ನು ನಾವು ಅರ್ಥಕೋಶದಿಂದ ಕಲಿಯಲಿಲ್ಲ. ಒಂದು ಹಸು ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಹುಲಿಯ ಗವಿಗೆ ಮರಳಿ ಹೋದದ್ದನ್ನು ಕೇಳಿ ಕಲಿತೆವು. ಗಡಿಯೂರಿನ ಶಾಲೆಯ ಮಕ್ಕಳಿಗೆ ಕಥೆಯ ಪಾತ್ರಗಳು ಇಷ್ಟು ಆಪ್ತವಾಗಲು ಇದೂ ಒಂದು ಕಾರಣವಿರಬೇಕು.

ಒಬ್ಬೊಬ್ಬರಿಂದ ಒಂದೊಂದು ಗುಣ

ಕನ್ನಡದ ಆದಿಕವಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ಕ್ರಿ.ಶ. 941ರ ಸುಮಾರಿಗೆ. ನಮ್ಮ ಜಿಲ್ಲೆಯಲ್ಲೇ ಇರುವ ಬನವಾಸಿಯನ್ನು ಮರೆಯಲಾರದೆ ಹಂಬಲಿಸಿದ ಕವಿ ಅವನು. ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನೊಂದಿಗೆ ಹೋಲಿಸಿ ಆ ಕಾವ್ಯ ಕಟ್ಟಿದ. ‘ನೀನು ಅರ್ಜುನ’ ಎಂದು ದೊರೆಗೆ ಹೇಳುವುದು ಹೊಗಳಿಕೆಯೂ ಹೌದು, ‘ಹಾಗಾದರೆ ಅರ್ಜುನನಂತೆ ನಡೆದುಕೋ’ ಎಂಬ ಎಚ್ಚರಿಕೆಯೂ ಹೌದು.

ಆ ಕಾವ್ಯದ ಕೊನೆಯಲ್ಲಿ ಪಂಪ ಭಾರತದ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಗುಣದ ಹೆಸರು ಹೇಳುತ್ತಾನೆ. ಸತ್ಯಕ್ಕೆ ಕರ್ಣ, ಪರಾಕ್ರಮಕ್ಕೆ ಭೀಮ, ಬಲಕ್ಕೆ ಶಲ್ಯ, ಔನ್ನತ್ಯಕ್ಕೆ ಭೀಷ್ಮ, ಬಿಲ್ಲುವಿದ್ಯೆಗೆ ದ್ರೋಣ, ಸಾಹಸಕ್ಕೆ ಅರ್ಜುನ, ನಿರ್ಮಲವಾದ ಧರ್ಮಕ್ಕೆ ಧರ್ಮರಾಯ. ಈ ಪಟ್ಟಿ ಶುರುವಾಗುವುದು ದುರ್ಯೋಧನನಿಂದ! ಹಿಡಿದ ಛಲ ಬಿಡದಿರುವುದನ್ನು ಅವನಿಂದ ಕಲಿಯಬೇಕು ಎಂಬುದು ಪಂಪನ ಅಭಿಪ್ರಾಯ. ಅರ್ಜುನನೇ ತನ್ನ ಕಥಾನಾಯಕನಾದರೂ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದೂ ಅವನು ಹೇಳಿದ್ದಾನೆ.

ಪಂಪ ಯಾರನ್ನೂ ಇಡಿಯಾಗಿ ಅನುಕರಿಸಲು ಹೇಳಲಿಲ್ಲ. ಕರ್ಣನಿಂದ ಸತ್ಯವನ್ನು ತೆಗೆದುಕೊಳ್ಳಿ, ಅವನು ತುಂಬಿದ ಸಭೆಯಲ್ಲಿ ದ್ರೌಪದಿಗೆ ಆಡಿದ ಮಾತನ್ನು ಬಿಡಿ. ದುರ್ಯೋಧನನ ಛಲ ಬೇಕು, ಹೊಟ್ಟೆಕಿಚ್ಚು ಬೇಡ. ಕಥೆಯ ಪಾತ್ರವನ್ನು ಆದರ್ಶವಾಗಿ ಇಟ್ಟುಕೊಳ್ಳುವ ಸರಿಯಾದ ಕ್ರಮ ಇದೇ ಎಂದು ನನಗೆ ಅನಿಸುತ್ತದೆ. ಮೀನು ಕೊಳ್ಳಲು ಹೋದ ನಮ್ಮ ತಾಯಂದಿರು ಬುಟ್ಟಿಗೆ ಬುಟ್ಟಿಯನ್ನೇ ಎತ್ತಿಕೊಂಡು ಬರುವುದಿಲ್ಲ. ಕಿವಿರು ಎತ್ತಿ ನೋಡಿ, ಬೇಕಾದದ್ದನ್ನಷ್ಟೇ ತರುತ್ತಾರೆ.

ರಾಜಕೋಟದ ಹುಡುಗ

13ನೇ ಶತಮಾನದಲ್ಲಿ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ವನ್ನು ಬರೆದ. ರಾಜ್ಯ ಕಳೆದುಕೊಂಡು, ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ತಾನು ಸುಡುಗಾಡು ಕಾಯುವ ಕೆಲಸಕ್ಕೆ ನಿಂತ ದೊರೆಯ ಕಥೆ ಅದು. ಸಾಲಕ್ಕಾಗಿ ಬೆನ್ನು ಬಿಡದವನನ್ನು ‘ನಕ್ಷತ್ರಿಕ’ ಎಂದು ಕರೆಯುವ ರೂಢಿಯೂ ಈ ಕಥೆಯಿಂದಲೇ ಬಂತು. ಹರಿಶ್ಚಂದ್ರನಿಗೆ ಕಷ್ಟದಿಂದ ಪಾರಾಗಲು ‘ನಾನು ಮಾತು ಕೊಟ್ಟಿಲ್ಲ’ ಎಂಬ ಒಂದೇ ಒಂದು ಸುಳ್ಳು ಸಾಕಿತ್ತು. ಅದನ್ನು ಅವನು ಹೇಳಲಿಲ್ಲ. ಕಥೆಯ ಶಕ್ತಿಯೆಲ್ಲ ಅಲ್ಲಿದೆ.

ಈ ಕಥೆ ಒಬ್ಬ ಮನುಷ್ಯನ ಮೇಲೆ ಮಾಡಿದ ಪರಿಣಾಮವನ್ನು ಅವರೇ ಬರೆದಿಟ್ಟಿದ್ದಾರೆ. ಮೋಹನದಾಸ ಗಾಂಧಿ ಹುಡುಗನಾಗಿದ್ದಾಗ ನಾಟಕ ಕಂಪನಿಯೊಂದು ಆಡಿದ ಹರಿಶ್ಚಂದ್ರ ನಾಟಕವನ್ನು ನೋಡಿದರು. ಎಷ್ಟು ಸಲ ನೋಡಿದರೂ ಸಾಕೆನಿಸಲಿಲ್ಲವಂತೆ. ಮತ್ತೆ ಮತ್ತೆ ನೋಡಲು ಮನೆಯಲ್ಲಿ ಬಿಡುತ್ತಿರಲಿಲ್ಲ. ಹಾಗಾಗಿ ಅವರು ತಮ್ಮಷ್ಟಕ್ಕೆ ತಾವೇ ಹರಿಶ್ಚಂದ್ರನ ಪಾತ್ರವನ್ನು ಲೆಕ್ಕವಿಲ್ಲದಷ್ಟು ಸಲ ಅಭಿನಯಿಸಿಕೊಂಡರು. ಎಲ್ಲರೂ ಹೀಗೆಯೇ ಏಕೆ ಸತ್ಯವಂತರಾಗಬಾರದು ಎಂದು ಹಗಲೂ ರಾತ್ರಿ ತಮ್ಮನ್ನೇ ಕೇಳಿಕೊಂಡರು. ಮುಂದೆ ಆತ್ಮಕಥೆ ಬರೆಯುವಾಗ, ಹರಿಶ್ಚಂದ್ರ ಚರಿತ್ರೆಯಲ್ಲಿ ಇದ್ದ ವ್ಯಕ್ತಿ ಆಗಿರಲಾರ ಎಂದು ಬುದ್ಧಿ ಹೇಳುತ್ತದೆ, ಆದರೂ ತನ್ನ ಪಾಲಿಗೆ ಹರಿಶ್ಚಂದ್ರ ಮತ್ತು ಶ್ರವಣ ಇಬ್ಬರೂ ಜೀವಂತ ಸತ್ಯಗಳು ಎಂಬ ಅರ್ಥದ ಮಾತು ಬರೆದರು. ನಡೆದ ಕಥೆಯೋ ಕಟ್ಟಿದ ಕಥೆಯೋ ಎಂಬ ಜಗಳ ಅವರಿಗೆ ಬೇಕಿರಲಿಲ್ಲ.

ಅದೇ ಅಧ್ಯಾಯದಲ್ಲಿ ರಾಜಕೋಟದ ಹೈಸ್ಕೂಲಿನ ಒಂದು ಘಟನೆಯೂ ಇದೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಐದು ಇಂಗ್ಲಿಷ್ ಶಬ್ದಗಳನ್ನು ಬರೆಸಿದರು. ಗಾಂಧಿ ‘ಕೆಟಲ್’ ಎಂಬುದನ್ನು ತಪ್ಪು ಬರೆದಿದ್ದರು. ಪಕ್ಕದವನ ಪಾಟಿ ನೋಡಿ ತಿದ್ದಿಕೋ ಎಂದು ಮಾಸ್ತರರು ಬೂಟಿನ ತುದಿಯಿಂದ ಸನ್ನೆ ಮಾಡಿದರು. ಹುಡುಗ ತಿದ್ದಿಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ಇಣುಕುವ ಅವಕಾಶ ಪ್ರತಿ ಹೈಸ್ಕೂಲಿನ ಪ್ರತಿ ಮಗುವಿಗೂ ಬರುತ್ತದೆ. ಹರಿಶ್ಚಂದ್ರನ ಸುಡುಗಾಡು ನಮಗೆ ಬರಲಿಕ್ಕಿಲ್ಲ. ಕೆಟಲ್ಲಿನ ಕ್ಷಣ ಎಲ್ಲರಿಗೂ ಬರುತ್ತದೆ.

ಅಂಕೋಲೆಯ ಉಪ್ಪು

‘ನಿಜವಾದ ಮಹನೀಯರೇ ಇರುವಾಗ ಕಥೆಯವರು ಏಕೆ?’ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಗಂತೂ ಅವರ ಕೊರತೆ ಇಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದಿನ ಎರಡು ವರ್ಷಗಳಲ್ಲಿ ಅಂಕೋಲಾ, ಸಿದ್ಧಾಪುರ ಭಾಗದ ರೈತರು ಕರನಿರಾಕರಣೆಗೆ ಇಳಿದರು. ಭೂಮಿ, ದನಕರು, ಮನೆಯ ಪಾತ್ರೆಪಗಡ ಜಪ್ತಿಯಾದವು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಿಯಾದ ಜಮೀನನ್ನು ಮರಳಿಸುವ ಕೆಲಸ ನಡೆಯಿತು.

ಆ ರೈತರು ಹರಿಶ್ಚಂದ್ರನ ಕಥೆ ಕೇಳಿಯೇ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಅವರ ಕಾರಣಗಳು ಅವರ ಹೊಲದಲ್ಲಿ, ಅವರ ಸ್ವಾಭಿಮಾನದಲ್ಲಿ ಇದ್ದವು. ಆದರೆ ಅವರ ಮುಂದೆ ನಿಂತ ಪ್ರಶ್ನೆಯ ರೂಪ ಅದೇ ಆಗಿತ್ತು. ಕರ ಕಟ್ಟಿ ರಸೀದಿ ಪಡೆದರೆ ಎಲ್ಲ ಉಳಿಯುತ್ತಿತ್ತು, ಅವರು ಕಟ್ಟಲಿಲ್ಲ.

ಹೀಗಿರುವಾಗಲೂ ಕಥೆ ಬೇಕು. ನಿಜವಾದ ವ್ಯಕ್ತಿಯಲ್ಲಿ ನಮಗೆ ಕಾಣುವುದು ಅವನು ಮಾಡಿದ ಕೆಲಸ. ಜಪ್ತಿಯ ಹಿಂದಿನ ರಾತ್ರಿ ಆ ರೈತ ನಿದ್ದೆ ಬಾರದೆ ಹೊರಳಾಡಿದ್ದು, ಮಕ್ಕಳ ಮುಖ ನೋಡಿ ಮನಸ್ಸು ಅಲುಗಿದ್ದು, ಮತ್ತೆ ಗಟ್ಟಿಯಾದದ್ದು ಇತಿಹಾಸದ ಪುಸ್ತಕದಲ್ಲಿ ಇರುವುದಿಲ್ಲ. ಕಥೆ ಆ ರಾತ್ರಿಯನ್ನು ನಮಗೆ ತೋರಿಸುತ್ತದೆ. ಚಂದ್ರಮತಿ ಮಗನ ಹೆಣ ಹೊತ್ತು ಬಂದಾಗ ಹರಿಶ್ಚಂದ್ರನ ಎದೆಯೊಳಗೆ ಏನಾಯಿತು ಎಂದು ಕವಿ ಹೇಳಬಲ್ಲ. ಗುಣ ಎಂಬುದು ಹುಟ್ಟುವುದು ಕೆಲಸದಲ್ಲಲ್ಲ, ಕೆಲಸಕ್ಕೆ ಮುಂಚಿನ ಆ ಒದ್ದಾಟದಲ್ಲಿ. ಅದನ್ನು ಒಳಗಿನಿಂದ ನೋಡುವ ಕಿಟಕಿ ಕಥೆಯಲ್ಲಿ ಮಾತ್ರ ಇದೆ.

ಆದರ್ಶಕ್ಕೂ ಪಾಟೀಸವಾಲು

ಕಥೆಯವರನ್ನು ಆದರ್ಶ ಮಾಡಿಕೊಳ್ಳುವುದರಲ್ಲಿ ಅಪಾಯವೂ ಇದೆ. 1774ರಲ್ಲಿ ಜರ್ಮನಿಯ ಗಯಟೆ ‘ವರ್ಥರ್’ ಎಂಬ ನೊಂದ ಪ್ರೇಮಿಯ ಕಾದಂಬರಿ ಬರೆದ. ಅದನ್ನು ಓದಿದ ತರುಣರು ವರ್ಥರನ ಹಾಗೆ ನೀಲಿ ಕೋಟು, ಹಳದಿ ಒಳಯಂಗಿ ತೊಟ್ಟು ತಿರುಗತೊಡಗಿದರು. ಅವನ ದುರಂತವನ್ನೂ ಅನುಕರಿಸುವರೆಂಬ ಭಯದಿಂದ 1775ರಲ್ಲಿ ಲೈಪ್‌ಜಿಗ್ ನಗರದಲ್ಲಿ ಆ ಪುಸ್ತಕವನ್ನೂ ಆ ಉಡುಪನ್ನೂ ನಿಷೇಧಿಸಿದರು. ಪಾತ್ರದ ಗುಣ ಬಿಟ್ಟು ಅಂಗಿ ಹಿಡಿದರೆ ಆಗುವುದು ಇದು. ಸಿನಿಮಾ ನೋಡಿ ಬಂದು ನಾಯಕನ ಕೂದಲಿನ ಕಟಿಂಗ್ ಮಾಡಿಸಿಕೊಳ್ಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಇದಕ್ಕೆ ನಮ್ಮ ಜಿಲ್ಲೆಯೇ ಒಂದು ಮದ್ದು ಕಂಡುಕೊಂಡಿದೆ. ಅದು ತಾಳಮದ್ದಳೆ. ಅಂಕೋಲೆಯಿಂದ ದಕ್ಷಿಣಕ್ಕೆ ಹೋದಂತೆ ಯಕ್ಷಗಾನದ ನೆಲ. ಆಟದಲ್ಲಿ ವೇಷ, ಕುಣಿತ ಎಲ್ಲ ಇರುತ್ತವೆ. ತಾಳಮದ್ದಳೆಯಲ್ಲಿ ಅವಾವುದೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ವಾದಿಸುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ‘ವಾಲಿವಧೆ’ಯ ಪ್ರಸಂಗದಲ್ಲಿ ಬಿದ್ದ ವಾಲಿ ರಾಮನನ್ನೇ ಕೇಳುತ್ತಾನೆ: ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ? ರಾಮನ ಪಾತ್ರಧಾರಿ ಉತ್ತರಿಸಲೇಬೇಕು. ಉತ್ತರ ಸೋತರೆ ಸಭೆಗೆ ಗೊತ್ತಾಗುತ್ತದೆ. ರಾಮನ ಬಗ್ಗೆ ಭಕ್ತಿ ಇದ್ದವರೇ ಕೂತು ಈ ಪಾಟೀಸವಾಲು ಕೇಳುತ್ತಾರೆ. ಭಕ್ತಿ ಕಡಿಮೆಯಾಗುವುದಿಲ್ಲ, ತಿಳುವಳಿಕೆ ಹೆಚ್ಚುತ್ತದೆ.

ಹರಿಶ್ಚಂದ್ರನನ್ನೂ ಹೀಗೆ ಕೇಳಬೇಕು. ‘ಸತ್ಯ ನಿನ್ನದು, ಸರಿ. ಅದಕ್ಕಾಗಿ ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಲು ನಿನಗೆ ಯಾವ ಹಕ್ಕು?’ ಇಂದಿನ ಒಂಬತ್ತನೆಯ ತರಗತಿಯ ಹುಡುಗಿ ಈ ಪ್ರಶ್ನೆ ಎತ್ತಿದರೆ ಅವಳನ್ನು ಸುಮ್ಮನಿರಿಸಬಾರದು. ಅವಳು ಹರಿಶ್ಚಂದ್ರನ ಸತ್ಯವನ್ನು ತೆಗೆದುಕೊಂಡು, ಅವನು ಮಾಡಿದ ಮಾರಾಟವನ್ನು ಬಿಡುತ್ತಿದ್ದಾಳೆ. ಪಂಪ ಮಾಡಿದ್ದೂ ಅದನ್ನೇ.

ಹುಲಿಗೂ ಒಂದು ಪಾಠ

ಈಗ ಪುಣ್ಯಕೋಟಿಗೆ ಬರೋಣ. ಗೋವಿನ ಹಾಡು ಜನಪದರ ಬಾಯಿಂದ ಬಂದು ಶಾಲೆಯ ಪಠ್ಯವಾಗಿ ತಲೆಮಾರುಗಳ ಕನ್ನಡ ಮಕ್ಕಳನ್ನು ತಲುಪಿದೆ. ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯ ಹೆಸರೂ ಈ ಹಾಡಿನಿಂದಲೇ ಬಂದದ್ದು. ಗೊಲ್ಲ ಕಾಳಿಂಗನ ಹಟ್ಟಿಯ ಹಸು, ಅರ್ಬುತನೆಂಬ ಹುಲಿ, ನಡುವೆ ಒಂದು ಮಾತು. ಇಷ್ಟೇ ಕಥೆ.

ಈ ಹಾಡನ್ನು ಕಲಿಸುವಾಗ ನಾವು ಹಸುವನ್ನು ಮಾತ್ರ ಆದರ್ಶವಾಗಿ ತೋರಿಸುತ್ತೇವೆ. ಮಾತಿಗೆ ತಪ್ಪಬಾರದು ಎಂದು ಮಕ್ಕಳಿಗೆ ಹೇಳಿ ಪಾಠ ಮುಗಿಸುತ್ತೇವೆ. ಆದರೆ ಹಾಡಿನಲ್ಲಿ ಬದಲಾಗುವವನು ಹುಲಿ. ಹಸುವಿನಲ್ಲಿ ಸತ್ಯ ಮೊದಲಿನಿಂದಲೂ ಇತ್ತು. ಹುಲಿಗೆ ಶಕ್ತಿಯಿತ್ತು, ಹಸಿವಿತ್ತು, ಬೇಟೆ ತಾನಾಗಿ ಎದುರಿಗೆ ಬಂದು ನಿಂತಿತ್ತು. ಆಗ ಅದಕ್ಕೆ ನಾಚಿಕೆಯಾಯಿತು. ಹುಲಿ ಪ್ರಾಣ ಬಿಡುವ ಕೊನೆಯನ್ನು ನಾವು ಒಪ್ಪಬೇಕಾಗಿಲ್ಲ, ತಾಳಮದ್ದಳೆಯ ರೀತಿಯಲ್ಲಿ ಅದನ್ನೂ ಪ್ರಶ್ನಿಸಬಹುದು. ಬಲವಿದ್ದವನು ತನ್ನ ಬಲಕ್ಕೆ ತಾನೇ ತಡೆ ಹಾಕಿಕೊಂಡದ್ದು ಮಾತ್ರ ಕಲಿಯಬೇಕಾದ ಗುಣ.

ಈ ಮಾತು ನಮ್ಮ ತಾಲೂಕಿಗೆ ಬರೀ ಪಾಠವಲ್ಲ. ಕದ್ರಾ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ ಎಂದು ಕಾಳಿ ಕಣಿವೆಯವರೂ ಕಡಲ ತೀರದವರೂ ದೇಶಕ್ಕಾಗಿ ಜಾಗ ಬಿಟ್ಟುಕೊಟ್ಟಿದ್ದಾರೆ. ಸೀಬರ್ಡ್ ನಿರಾಶ್ರಿತರ ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಜಾಗ ಬಿಟ್ಟು ಎದ್ದವರು ಪುಣ್ಯಕೋಟಿಯ ಹಾಗೆ ತಮ್ಮ ಪಾಲಿನ ಮಾತು ನಡೆಸಿಕೊಟ್ಟರು. ಮಾತು ಉಳಿಸಿಕೊಳ್ಳುವ ಪಾಠ ಬಡವರಿಗೆ ಮಾತ್ರವಲ್ಲ, ಕೊಡುವ ಜಾಗದಲ್ಲಿ ಕೂತವರಿಗೂ ಬೇಕು. ನಮ್ಮ ಶಾಲೆಯ ಮಕ್ಕಳು ನಾಳೆ ತಹಶೀಲ್ದಾರರಾಗುತ್ತಾರೆ, ಇಂಜಿನಿಯರರಾಗುತ್ತಾರೆ, ಬ್ಯಾಂಕಿನ ಮ್ಯಾನೇಜರರಾಗುತ್ತಾರೆ. ಆಗ ಅವರು ಹಸುವಿನ ಜಾಗದಲ್ಲಿರುವುದಿಲ್ಲ. ಅವರಿಗೆ ಅರ್ಬುತನ ಆ ಒಂದು ಕ್ಷಣ ನೆನಪಿರಬೇಕು.

ನಾನಿರುವ ಸಾಫ್ಟ್‌ವೇರ್ ಕೆಲಸದಲ್ಲಿಯೂ ಕೊಟ್ಟ ಮಾತಿಗೆ ದಿನಾಂಕ ಇರುತ್ತದೆ. ಕೆಲಸ ಅರ್ಧ ಆಗಿದ್ದಾಗ ‘ಹೆಚ್ಚುಕಡಿಮೆ ಮುಗಿದಿದೆ’ ಎನ್ನುವ ಒಂದು ಸುಲಭದ ಉತ್ತರ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ. ‘ಅರ್ಧ ಆಗಿದೆ, ಇನ್ನು ನಾಲ್ಕು ದಿನ ಬೇಕು’ ಎಂದು ಹೇಳುವುದು ಬಹಳ ಸಣ್ಣ ಸತ್ಯ. ಆದರೂ ಮೀಟಿಂಗಿನಲ್ಲಿ ಎಲ್ಲರೂ ನಮ್ಮ ಮುಖ ನೋಡುತ್ತಿರುವಾಗ ಅದಕ್ಕೆ ಎದೆಗಾರಿಕೆ ಬೇಕು. ಬಿ.ಇ.ಯ ಯಾವ ಸೆಮಿಸ್ಟರಿನಲ್ಲಿಯೂ ಅದನ್ನು ಕಲಿಸುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಪ್ರಾಥಮಿಕ ಶಾಲೆಯ ಹಸುವೇ.

ರಾಜೀವನ ನೇಗಿಲು, ಬ್ಯಾಟ್‌ಮನ್‌ನ ಮುಸುಕು

ಹೊಸ ಕಾಲದಲ್ಲಿಯೂ ಈ ಇತಿಹಾಸ ನಿಂತಿಲ್ಲ. 1972ರಲ್ಲಿ ‘ಬಂಗಾರದ ಮನುಷ್ಯ’ ತೆರೆಗೆ ಬಂತು. ಟಿ. ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜೀವನಾಗಿ ಡಾ. ರಾಜಕುಮಾರ್. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಕಲ್ಲುನೆಲವನ್ನು ಹಸಿರು ಮಾಡುವ ತರುಣನ ಕಥೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳಿ ಬೇಸಾಯಕ್ಕೆ ಇಳಿದವರಿದ್ದರು ಎಂಬುದು ಕರ್ನಾಟಕದಲ್ಲಿ ಅಂದಿನಿಂದ ಹೇಳಿಕೊಂಡು ಬಂದ ಮಾತು. ರಾಜೀವ ಎಲ್ಲೂ ಹುಟ್ಟಿದವನಲ್ಲ. ಅವನನ್ನು ನೋಡಿ ನೇಗಿಲು ಹಿಡಿದ ಕೈಗಳಿಗೆ ಬಂದ ಬೊಬ್ಬೆ ಮಾತ್ರ ನಿಜ.

ಇದು ಹೇಗೆ ನಡೆಯುತ್ತದೆ? 2017ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಸ್ವಲ್ಪ ಬೆಳಕು ಕೊಡುತ್ತದೆ. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷ ಬೇಸರ ಬರಿಸುವ ಒಂದೇ ಕೆಲಸ ಕೊಟ್ಟರು. ಬೇಕೆನಿಸಿದಾಗ ಎದ್ದು ಪಕ್ಕದಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಆಟ ಆಡಬಹುದಿತ್ತು. ಕೆಲವರಿಗೆ ‘ನಾನು ಶ್ರಮಪಟ್ಟು ಮಾಡುತ್ತಿದ್ದೇನೆಯೇ?’ ಎಂದು, ಕೆಲವರಿಗೆ ತಮ್ಮದೇ ಹೆಸರು ಹಿಡಿದು, ಇನ್ನು ಕೆಲವರಿಗೆ ಬ್ಯಾಟ್‌ಮನ್‌ನಂಥ ಪಾತ್ರದ ವೇಷ ತೊಟ್ಟು ‘ಬ್ಯಾಟ್‌ಮನ್ ಶ್ರಮಪಟ್ಟು ಮಾಡುತ್ತಿದ್ದಾನೆಯೇ?’ ಎಂದು ಕೇಳಿಕೊಳ್ಳಲು ಹೇಳಿದರು. ಹೆಚ್ಚು ಹೊತ್ತು ಕೆಲಸದಲ್ಲಿ ನಿಂತವರು ವೇಷ ತೊಟ್ಟ ಮಕ್ಕಳು. ತನ್ನ ಬೇಸರದಿಂದ ಒಂದು ಹೆಜ್ಜೆ ದೂರ ನಿಂತು ನೋಡಲು ಪಾತ್ರ ಜಾಗ ಮಾಡಿಕೊಡುತ್ತದೆ.

ಯಕ್ಷಗಾನ ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ. ಕಿರೀಟ ಕಟ್ಟಿ ಗೆಜ್ಜೆ ತೊಟ್ಟವನ ನಡಿಗೆಯೇ ಬೇರೆಯಾಗುವುದನ್ನು ನಾವು ಚೌಕಿಯ ಬಾಗಿಲಲ್ಲಿ ನಿಂತು ನೋಡಿದ್ದೇವೆ. ರಾಜಕೋಟದ ಹುಡುಗ ಒಬ್ಬನೇ ಕೂತು ಹರಿಶ್ಚಂದ್ರನಾದದ್ದೂ ಇದೇ ರೀತಿಯಲ್ಲಿ. ಆದರೆ ವೇಷ ಕಳಚಿದ ಮೇಲೆಯೂ ಗುಣ ಉಳಿಯಬೇಕಾದರೆ ಒಂದು ದಿನದ ಆಟ ಸಾಲದು. ಗಾಂಧಿ ಆ ಪಾತ್ರವನ್ನು ಲೆಕ್ಕವಿಲ್ಲದಷ್ಟು ಸಲ ಆಡಿಕೊಂಡರು ಎಂಬುದನ್ನು ಮರೆಯಬಾರದು.

ಇನ್ನು ನಾವು ಮಾಡಬಹುದಾದದ್ದು

ಇಂದಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಅವರು ನೋಡುವ ರೀಲ್ಸ್‌ನ ಮನುಷ್ಯರು ನಿಜದವರು, ಅವರು ತೋರಿಸುವ ಬದುಕು ಕಟ್ಟಿದ್ದು. ಗೋವಿನ ಹಾಡಿನಲ್ಲಿ ಹಸು ಕಟ್ಟಿದ್ದು, ಗುಣ ನಿಜದ್ದು. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿ ಹೇಳುವ ಹೊಣೆ ಶಾಲೆಯದು ಮಾತ್ರವಲ್ಲ, ಹಳೆಯ ವಿದ್ಯಾರ್ಥಿಗಳದೂ ಹೌದು.

ಹಣ ಬೇಕಿಲ್ಲದ ಒಂದು ಸಣ್ಣ ಸಲಹೆ ನನ್ನದು. ತಿಂಗಳಿಗೊಂದು ಶನಿವಾರ ಒಂದು ಪಾತ್ರವನ್ನು ಎತ್ತಿಕೊಳ್ಳಲಿ. ಆ ಪಾತ್ರದ ಒಂದೇ ಗುಣ ಯಾವುದು ಎಂದು ಮಕ್ಕಳೇ ಆರಿಸಲಿ. ಆ ಪಾತ್ರಕ್ಕೆ ಒಂದು ಕಠಿಣ ಪ್ರಶ್ನೆ ಕೇಳಲಿ, ಒಬ್ಬರು ಪಾತ್ರವಾಗಿ ನಿಂತು ಉತ್ತರ ಕೊಡಲಿ. ಕೊನೆಗೆ, ಆ ಗುಣವನ್ನು ಬರುವ ವಾರ ಎಲ್ಲಿ ಬಳಸಬಹುದು ಎಂಬುದನ್ನು ಪ್ರತಿಯೊಬ್ಬರೂ ಒಂದು ಸಾಲಿನಲ್ಲಿ ಬರೆದುಕೊಳ್ಳಲಿ. ಮನೆಗೆಲಸದಲ್ಲಿ, ಪರೀಕ್ಷೆಯ ಕೋಣೆಯಲ್ಲಿ, ಕ್ರಿಕೆಟ್ ಆಡುವಾಗ ಔಟಾದದ್ದನ್ನು ಒಪ್ಪಿಕೊಳ್ಳುವಲ್ಲಿ. ಪಾತ್ರ ಪುರಾಣದ್ದೇ ಆಗಬೇಕೆಂದಿಲ್ಲ. ಅಜ್ಜಿ ಹೇಳಿದ ಕೊಂಕಣಿ ಕಥೆಯದ್ದಾಗಬಹುದು, ಕಾದಂಬರಿಯದ್ದಾಗಬಹುದು, ಸಿನಿಮಾದ್ದೂ ಆಗಬಹುದು.

ವರ್ಷದಲ್ಲಿ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ದರ್ಶನಕ್ಕೆ ಗೋವಾ, ಮುಂಬಯಿ, ಬೆಂಗಳೂರುಗಳಿಂದ ನಾವು ಊರಿಗೆ ಬರುತ್ತೇವೆ. ಆ ದಿನಗಳಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ಶಾಲೆಗೂ ಹೋಗಿ, ತನ್ನನ್ನು ತಿದ್ದಿದ ಒಂದು ಪಾತ್ರದ ಕಥೆಯನ್ನು ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ಮಕ್ಕಳಿಗೆ ಹೇಳಬಹುದು. ಐವತ್ತು ವರ್ಷದಲ್ಲಿ ಈ ಶಾಲೆ ಕಲಿಸಿದವರ ಸಂಖ್ಯೆ ದೊಡ್ಡದು. ಒಬ್ಬೊಬ್ಬರು ಒಂದೊಂದು ಕಥೆ ಹೇಳಿದರೂ ಮುಂದಿನ ಐವತ್ತು ವರ್ಷಕ್ಕೆ ಸಾಕಾಗುವಷ್ಟು ಗುರುಗಳು ನಮ್ಮ ಶಾಲೆಗೆ ಸಿಗುತ್ತಾರೆ.